ಬ್ಯಾಡಗಿ ಕಾಯಿಗೆ ತಕ್ಕ ಬೆಳಕು

ರಾಣೆಬೆನ್ನೂರು
19 ಸೆಪ್ಟೆಂಬರ್ 2004

ಪ್ರೀತಿಯ ಚನ್ನೇಶ,

ಮನೆಯಲ್ಲಿ ಎಲ್ಲರೂ ಆರಾಮ ಎಂದು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ನೀನು ನಡುವಿನದೆಲ್ಲ ಹಾರಿಸಿ ಕೊನೆಯ ಸಾಲಿನಲ್ಲಿ ಅದನ್ನೇ ಹುಡುಕುತ್ತೀ. ಅಪ್ಪ ಎಂದಿನಂತೆ ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತ, ಸುಟ್ಟುಕೊಂಡು ಬಂದವರಿಗೆ ಬೈಯುತ್ತ ಇದ್ದಾನೆ.

ಈಗ ನಡುವಿನದು. ಬ್ಯಾಡಗಿಯ ಮಾರುಕಟ್ಟೆಗೆ ಹತ್ತಿಕೊಂಡು ವಿಜಯಮಹಾಂತೇಶ ಅವರು ಹೊಸ ಕಟ್ಟಡ ಕಟ್ಟಿಸುತ್ತಿದ್ದಾರೆ. ಮೆಣಸಿನಕಾಯಿ ದಲಾಲಿ ಅಂಗಡಿಯ ಅದೇ ಮನೆತನ. ಕೆಳಗೆ ನಡುವೆ ಒಂದು ದೊಡ್ಡ ಪಡಸಾಲೆ, ಸುತ್ತ ಅಂಗಡಿಗಳು, ಮೇಲೆ ಕಚೇರಿಗಳು. ರೈತರು ತಂದ ಕಾಯಿಯನ್ನೆಲ್ಲ ಪಡಸಾಲೆಯಲ್ಲಿ ರಾಶಿ ಹಾಕುವುದು, ಖರೀದಿದಾರರು ನೋಡಿ ಚೀಟಿಯಲ್ಲಿ ದರ ಬರೆದು ಕೊಡುವುದು. ಕಟ್ಟಡ ಬಹಳ ಆಳ, ಒಳಗೆ ಮಧ್ಯಾಹ್ನವೂ ಮಬ್ಬು. ದೀಪವಿಲ್ಲದೆ ಅಲ್ಲಿ ವ್ಯಾಪಾರ ಸಾಗದು.

ಕರೆಂಟಿನ ಕೆಲಸ ಕೇಳಲು ನಾನೂ ಹೋಗಿದ್ದೆ. ಲೈಸೆನ್ಸ್ ಮುಂದಿಟ್ಟೆ. ಅಲ್ಲೇ ಕೂತಿದ್ದ ಖರೀದಿದಾರ ರುದ್ರಮುನಿಯವರು ಅದನ್ನು ತಿರುವಿ ಮುರುವಿ ನೋಡಿ, "ಫೋಟೋ ನಿಮ್ಮದ ಐತಿ ಬಿಡವಾ. ಕೆಲಸಾನೂ ನೀವ ಮಾಡ್ತೀರೋ, ಮನಿಯಾವ್ರು ಮಾಡ್ತಾರೋ?" ಅಂದರು.

"ಮನಿಯಾವ್ರು ಇನ್ನೂ ಸಿಕ್ಕಿಲ್ರಿ. ಅಲ್ಲೀತನಕ ನಾನ ಮಾಡ್ತೇನಿ" ಅಂದೆ.

ಎಲ್ಲರೂ ನಕ್ಕರು. ವಿಜಯಮಹಾಂತೇಶ ಅವರು ನಗಲಿಲ್ಲ. "ಮೊದಲ ಪಡಸಾಲಿ ಒಂದ ಮಾಡ್ರಿ. ಹೊಸ ಕಾಯಿ ಬಂದಾಗ ಒಂದಿನದ ಮಾರ್ಕೆಟ್ ಅಲ್ಲೆ ನಡಸ್ತೇವಿ. ಖರೀದಿದಾರರು ಬೆಳಕ ಒಪ್ಪಿದ್ರ ಇಡೀ ಕಟ್ಟಡ ನಿಮ್ಮದು. ಒಪ್ಪಲಿಲ್ಲಂದ್ರ ಹುಬ್ಬಳ್ಳಿ ಪಾರ್ಟಿ ತಯಾರ ಐತಿ" ಅಂದರು.

ಚನ್ನೇಶ, ಇಷ್ಟು ವರ್ಷ ಮನೆ, ಗುಡಿ, ಹಿಟ್ಟಿನ ಗಿರಣಿ ಮಾಡಿಕೊಂಡು ಬಂದಿದ್ದೇನೆ. ಇಂಥದೊಂದು ಕಟ್ಟಡ ಕೈಗೆ ಬಂದರೆ ಆಮೇಲೆ ಯಾರೂ ನನ್ನ ಫೋಟೋ ನೋಡುವುದಿಲ್ಲ, ಕೆಲಸ ನೋಡುತ್ತಾರೆ. ನೀನು ಮಸ್ಕತ್ತಿನಲ್ಲಿ ದಿನವೂ ದೊಡ್ಡ ದೊಡ್ಡ ಅಂಗಡಿಗಳ ದೀಪದ ನಕ್ಷೆ ಬರೆಯುವವನು. ನನಗೂ ಒಂದು ಬರೆದುಕೊಡು. ಪಡಸಾಲೆಯ ಅಳತೆ ಇದರೊಳಗೇ ಮಡಚಿ ಇಟ್ಟಿದ್ದೇನೆ.

ಫೋನಿನಲ್ಲಿ ಇದೆಲ್ಲ ಆಗದು. ನಿಮಿಷ ಓಡುತ್ತದೆ, ನೀನು ನಡುವೆ ಬಾಯಿ ಹಾಕುತ್ತೀ.

ನಿನ್ನ ಅಕ್ಕ,
ಕಾವೇರಿ


ಮಸ್ಕತ್
8 ಅಕ್ಟೋಬರ್ 2004 (ಕ್ಯಾಸೆಟ್)

ಅಕ್ಕಾ, ಕೇಳ್ತದೇನು? ಹಲೋ, ಹಲೋ. ಕೆಂಪು ದೀಪ ಹತ್ತೇತಿ, ಅಂದ್ರ ಟೇಪು ತಿರಗಾಕತ್ತೇತಿ. ಬರಿ ಅಂತ ಹೇಳಬ್ಯಾಡ. ನನ್ನ ಅಕ್ಷರ ನೋಡಿದ್ರ ಸತ್ತ ಮಾಸ್ತರೂ ಎದ್ದು ಬಂದು ಹೊಡೀತಾರ. ಕೋಣ್ಯಾಗ ಎಲ್ಲಾರೂ ಮಲಗ್ಯಾರ, ಅದಕ್ಕ ಸಣ್ಣ ದನೀಲೆ ಮಾತಾಡ್ತೇನಿ.

ನಿನ್ನ ಪತ್ರ ಓದಿದಾಗಿಂದ ಕುಂತಲ್ಲೆ ಕುಂದ್ರಾಕ ಆಗವಲ್ದು ನಂಗ. ಪುಣೆ ಬಿಟ್ಟೆ, ಮುಂಬೈ ಬಿಟ್ಟೆ, ಇಲ್ಲಿಗೆ ಬಂದೆ. ಎಲ್ಲಿ ಹೋದ್ರೂ ಮಂದಿ ನಕ್ಷಾ ತಿದ್ದೂದ ಆತು. ಸಾಹೇಬ ಕೆಂಪು ಪೆನ್ನಿಲೆ ಗೆರಿ ಹೊಡೀತಾನ, ನಾ ಕಂಪ್ಯೂಟರಿನ್ಯಾಗ ಅಳಸ್ತೇನಿ, ಬರೀತೇನಿ, ಮತ್ತ ಅಳಸ್ತೇನಿ. ನನ್ನ ತಲ್ಯಾಗಿಂದ ಹುಟ್ಟಿದ ದೀಪ ಒಂದರೆ ಎಲ್ಯರೆ ಉರೀತೈತೇನು? ಇಲ್ಲ. ಬ್ಯಾಡಗ್ಯಾಗ ಉರೀಲಿ!

ಕೇಳಿಲ್ಲೆ. ಇಲ್ಲಿ ಬಂಗಾರದ ಅಂಗಡಿ ಓಣಿ ಒಂದೈತಿ. ನಿನ್ನೆ ಸಂಜಿಕ ಅದರಾಗ ಸುತ್ತಿದ್ದ ಸುತ್ತಿದ್ದು. ಒಬ್ಬ ಅಂಗಡಿಯವ ನನ್ನ ಕಳ್ಳ ಅಂತ ತಿಳಕೊಂಡು ಹಿಂದಿಂದ ಬಂದ. ಸರದ ಮ್ಯಾಲೆ ಹಳದಿ ಹ್ಯಾಲೋಜನ್ ಬಿಟ್ಟಾರಕ್ಕಾ. ಹೊರಗ ತಂದ್ರ ಸಾದಾ ಬಂಗಾರ, ಒಳಗ ಇಟ್ರ ಬೆಂಕಿ! ಮಾಂಸದ ಅಂಗಡ್ಯಾಗ ಗುಲಾಬಿ ಗಾಜಿನ ದೀಪ. ಮೂರು ದಿನದ ಕುರಿ ಸೈತ ಈಗಷ್ಟ ಕೊಯ್ದಂಗ ಕಾಣತೈತಿ. ಮಾಲು ಅರ್ಧ, ಬೆಳಕ ಅರ್ಧ. ಇದು ಈ ಊರಿನವ್ರಿಗೆ ಗೊತ್ತೈತಿ, ನಮ್ಮವ್ರಿಗೆ ಗೊತ್ತಿಲ್ಲ.

ಹಂಗಾರ ನಮ್ಮ ಮೆಣಸಿನಕಾಯಿ ಏನ ಪಾಪ ಮಾಡೈತಿ? ಒಂದೊಂದು ರಾಶಿ ಮ್ಯಾಲೆ ಒಂದೊಂದು ಹ್ಯಾಲೋಜನ್, ಕೈಗೆ ಸಿಗೂವಷ್ಟು ಕೆಳಗ ಇಳೀಬಿಟ್ಟದ್ದು, ಅದರ ಮುಂದ ಗುಲಾಬಿ ಗಾಜು. ಕಾಯಿ ಕೆಂಡ ಕಂಡಂಗ ಕಾಣಬೇಕು! ಖರೀದಿದಾರ ಒಳಗ ಕಾಲಿಟ್ಟ ಕೂಡ್ಲೆ ಬಾಯಿ ತಗೀಬೇಕು, ಆ ರುದ್ರಮುನಿ ಮೊದಲ. ರೈತಗ ದರ, ದಲಾಲಿಗೆ ಖುಷಿ, ನಿಂಗ ಕಟ್ಟಡ. ಹುಬ್ಬಳ್ಳಿ ಪಾರ್ಟಿ ಹುಬ್ಬಳ್ಯಾಗ ಇರಲಿ.

ನಿನ್ನ ವಾಯರಮನ್ ಗೂಡುಸಾಬಣ್ಣನ ಅಳಿಯ ಊರಿಗೆ ಹೊಂಟಾನ. ನಕ್ಷಾ, ಈ ಕ್ಯಾಸೆಟ್, ಒಂದು ಡಬ್ಬಿ ಖರ್ಜೂರ ಅವನ ಕೈಯಾಗ ಕೊಟ್ಟೇನಿ. ಖರ್ಜೂರ ಕಮ್ಮಿ ಬಂದ್ರ ಅವನ್ನ ಕೇಳು. ಒಂದ ಮಾತು ಅಕ್ಕಾ, ನಾ ಬರದಂಗ ಹಾಕು. ತಿದ್ದಬ್ಯಾಡ. ಇಲ್ಲಿ ಎಲ್ಲಾರೂ ನಂದು ತಿದ್ದವ್ರ.

ಯಾರೋ ಎದ್ರು. ಇಡ್ತೇನಿ.


ರಾಣೆಬೆನ್ನೂರು
16 ಡಿಸೆಂಬರ್ 2004

ಪ್ರೀತಿಯ ಚನ್ನೇಶ,

ಸೋಮವಾರ ಪಡಸಾಲೆಯಲ್ಲಿ ಮಾರುಕಟ್ಟೆ ನಡೆಯಿತು. ನೀನು ಬರೆದಂತೆಯೇ ದೀಪ ಹಾಕಿದ್ದೆ, ಒಂದನ್ನೂ ತಿದ್ದಲಿಲ್ಲ. ಸ್ವಿಚ್ ಒತ್ತಿದ ಕೂಡಲೇ ರಾಶಿಗಳೆಲ್ಲ ಕೆಂಪಗೆ ಎದ್ದು ಕಂಡವು. ದಲಾಲರು ಚಪ್ಪಾಳೆ ತಟ್ಟಿದರು. ಈಗ ಬ್ಯಾಡಗಿಯ ಯಾವ ಚಹಾದ ಅಂಗಡಿಗೆ ಹೋದರೂ ನಿನ್ನ ದೀಪದ್ದೇ ಮಾತು.

ಮೇಲಂತಸ್ತಿನ ವಿಷಯ ವಿಜಯಮಹಾಂತೇಶ ಅವರು ಇನ್ನೂ ಎತ್ತಿಲ್ಲ.

ಎರಡು ಸಂಗತಿ ಕೇಳಬೇಕಿತ್ತು. ಹ್ಯಾಲೋಜನ್ನಿನ ಮುಂದಿನ ಗಾಜು ಎಷ್ಟು ಕಾಯುತ್ತದೆ? ಮತ್ತೆ, ಅಲ್ಲಿಯ ಬಟ್ಟೆ ಅಂಗಡಿಯವರು ಒಂದು ಬಟ್ಟೆಗೆ ಇನ್ನೊಂದರ ಬಣ್ಣ ಹೊಂದಿಸುವಾಗ ಯಾವ ದೀಪದಡಿ ನೋಡುತ್ತಾರೆ? ಸುಮ್ಮನೆ ಕೇಳಿದೆ. ಲಗೂ ಉತ್ತರ ಕೊಡು.

ಖರ್ಜೂರ ಸರಿಯಾಗಿ ಬಂದಿವೆ. ಅಪ್ಪ ಬೀಜ ಎಣಿಸಿ ಇಟ್ಟಿದ್ದಾನೆ, ನಾನು ಹೆಚ್ಚು ತಿಂದೆನಂತೆ.

ಕಾವೇರಿ


ಮಸ್ಕತ್
29 ಡಿಸೆಂಬರ್ 2004 (ಕ್ಯಾಸೆಟ್)

ಚಪ್ಪಾಳಿ ತಟ್ಟಿದ್ರಂತ! ಅಕ್ಕಾ, ನಿನ್ನ ಪತ್ರ ಗಾದಿ ಬುಡಕ ಇಟ್ಟಕೊಂಡು ಮಲಗೇನಿ. ಕೋಣ್ಯಾಗಿನ ಎಲ್ಲಾರಿಗೂ ಬಿರಿಯಾನಿ ತಿನ್ನಿಸಿದೆ. ಕೇರಳದವ ಒಬ್ಬ, "ನಿನ್ನ ಲಗ್ನ ಆತೇನು?" ಅಂತ ಕೇಳಿದ. "ಲಗ್ನಕ್ಕಿಂತ ದೊಡ್ಡದು, ನನ್ನ ದೀಪ ಉರೀತು" ಅಂದೆ. ಅವಗ ತಿಳೀಲಿಲ್ಲ, ಆದ್ರ ಎರಡನೇ ಸಲ ಹಾಕಿಸಿಕೊಂಡ.

ರುದ್ರಮುನಿ ಏನಂದ? ಅದನ್ನ ಬರದ ಇಲ್ಲ ನೀ. ಮುಖ ಹೆಂಗ ಆಗಿತ್ತು? ಮುಂದಿನ ಪತ್ರದಾಗ ಅದ ಒಂದ ಬರಿ, ಎರಡು ಪುಟ ಬರಿ.

ಗಾಜು ಕಾಯೂದು, ಬಟ್ಟಿ ಅಂಗಡಿ, ಇವೆಲ್ಲಾ ಯಾಕ ಕೇಳಾಕತ್ತೀ ನಂಗೊತ್ತೈತಿ. ಮ್ಯಾಲಿನ ಕಚೇರಿಗೆ ಬ್ಯಾರೆ ಥರ ದೀಪ ಹಾಕೂ ವಿಚಾರ, ಹೌದಿಲ್ಲೋ? ಅದರ ಚಿಂತಿ ಬಿಡು. ಅದನ್ನ ನಾನ ಬಂದು ಮಾಡ್ತೇನಿ.

ಹೌದಕ್ಕಾ. ಬರಾಕತ್ತೇನಿ. ಜನವರಿ ಮುಗಿಯೂದರಾಗ ರಾಜೀನಾಮಿ ಕೊಡ್ತೇನಿ. ಇಲ್ಲಿ ಕೆಂಪು ಪೆನ್ನಿನ ಹಿಂದ ಓಡೂದು ಸಾಕಾತು. ರಾಣೆಬೆನ್ನೂರಾಗ ಬೋರ್ಡ್ ಹಾಕೋಣು, ದೊಡ್ಡದು, ಬಸ್ಸಿನ್ಯಾಗಿಂದ ಕಾಣಬೇಕು. ಬ್ಯಾಡಗಿ ಮುಗದ ಮ್ಯಾಲೆ ಹಾವೇರಿ. ಹಾವೇರಿ ಮುಗದ ಮ್ಯಾಲೆ, ಏನ, ಹುಬ್ಬಳ್ಳಿಗೇ ನುಗ್ಗೋಣು!

ಅಪ್ಪಗ ಈಗ ಹೇಳಬ್ಯಾಡ. ನಾನ ಬಂದು ಬಾಗಲದಾಗ ನಿಲ್ತೇನಿ.


ರಾಣೆಬೆನ್ನೂರು
9 ಜನವರಿ 2005

ಚನ್ನೇಶ,

ರಾಜೀನಾಮೆ ಕೊಡಬೇಡ. ಕೊಟ್ಟಿದ್ದರೆ ಹಿಂದಕ್ಕೆ ತಗೋ. ಇದನ್ನು ಓದಿ ಸಿಟ್ಟು ಬಂದರೆ ಬರಲಿ.

ಆ ಸೋಮವಾರದ್ದು ನಾನು ಚಪ್ಪಾಳೆಯವರೆಗೆ ಮಾತ್ರ ಬರೆದಿದ್ದೆ. ನಂತರದ್ದು ಇದು.

ಖರೀದಿದಾರರು ರಾಶಿಯಿಂದ ರಾಶಿಗೆ ಹೋಗಿ ಹಿಡಿ ಹಿಡಿ ಕಾಯಿ ಎತ್ತಿ ನೋಡುತ್ತಿದ್ದರು. ಕೆಲವರು ಆಗಲೇ ಚೀಟಿ ಬರೆದಿದ್ದರು. ಆಚೆ ಹಮಾಲರು ಇನ್ನೂ ಚೀಲ ಸುರುವುತ್ತಿದ್ದರು. ಕಾಯಿ ಸುರುವಿದರೆ ಧೂಳು ಏಳುತ್ತದೆ. ಇದು ನಿನಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಬ್ಯಾಡಗಿ ಬಸ್ಸಿನಲ್ಲಿ ಸೀನುತ್ತಲೇ ಬೆಳೆದವರು. ಆದರೆ ನಿನ್ನ ನಕ್ಷೆಯಲ್ಲಿ ಧೂಳು ಇರಲಿಲ್ಲ, ಹಾಕುವಾಗ ನನ್ನ ತಲೆಯಲ್ಲೂ ಇರಲಿಲ್ಲ. ಆ ಧೂಳು ಹೋಗಿ ಕಾದ ಗಾಜುಗಳ ಮೇಲೆ ಕೂತಿತು. ಕೂತು ಹುರಿಯಿತು. ಒಗ್ಗರಣೆಗೆ ಮೆಣಸಿನಕಾಯಿ ಹಾಕಿ ಮರೆತುಬಿಟ್ಟ ಅಡುಗೆಮನೆ ನೆನಪಿಸಿಕೋ. ಒಂದು ಓಣಿಯ ಅಂಥ ಅಡುಗೆಮನೆಗಳನ್ನೆಲ್ಲ ಒಂದೇ ಸೂರಿನಡಿ ತಂದಂತೆ ಆಯಿತು.

ಮೊದಲು ಹಮಾಲರು ಕೆಮ್ಮಿದರು. ಆಮೇಲೆ ಚಪ್ಪಾಳೆ ತಟ್ಟಿದ ದಲಾಲರು. ರುದ್ರಮುನಿಯವರು ಧೋತರದ ಚುಂಗನ್ನು ಮೂಗಿಗೆ ಒತ್ತಿಕೊಂಡು, "ಏ ಕಾವೇರವ್ವಾ! ದೀಪ ಹಚ್ಚೀಯೋ, ನಮ್ಮನ್ನ ಒಗ್ಗರಣಿ ಹಾಕೀಯೋ?" ಎಂದು ಕೂಗುತ್ತ ಓಡಿದರು. ಅವರ ಹಿಂದೆ ಎಲ್ಲರೂ. ಗೂಡುಸಾಬಣ್ಣ ಕಣ್ಣು ಮುಚ್ಚಿಕೊಂಡೇ ತಡಕಾಡಿ ಮೇನ್ ಸ್ವಿಚ್ ಎಳೆದ.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಕೆಟ್ಟದ್ದು ಆದದ್ದು ಹೊರಗೆ, ಬಿಸಿಲಿನಲ್ಲಿ. ಓಡಿ ಬಂದವರ ಮುಷ್ಟಿಯಲ್ಲಿ ಕಾಯಿ ಹಾಗೇ ಇತ್ತು. ಕಣ್ಣೊರೆಸಿಕೊಂಡು ಅಂಗೈ ನೋಡಿಕೊಂಡರು. ಒಳಗೆ ಕೆಂಡವಾಗಿದ್ದ ಕಾಯಿ ಕೆಲವರ ಕೈಯಲ್ಲಿ ಹಳೇ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ಅದು ಹೋದ ವರ್ಷದ್ದು, ಕೋಲ್ಡ್ ಸ್ಟೋರೇಜಿನಿಂದ ತೆಗೆದ ಮಾಲು. ಐರಣಿಯ ದೇವವ್ವ ಎಂಬ ರೈತ ಹೆಂಗಸು ಹೊಳೆದಂಡೆಯ ಹೊಲದ ಹೊಸ ಕಾಯಿ ತಂದಿದ್ದಳು. ಸುಕ್ಕು ಸುಕ್ಕಾದ ಕಡುಗೆಂಪು, ಮುರಿದರೆ ಬೀಜ ಬಂಗಾರ. ನಿನ್ನ ದೀಪದಡಿ ಅದೂ ಇದೂ ಒಂದೇ ಕಂಡಿದ್ದವು.

ಖರೀದಿದಾರರು ಬರೆದ ಚೀಟಿಗಳನ್ನು ಹರಿದರು. ಮತ್ತೆ ಬರೆದಾಗ ಎಲ್ಲ ರಾಶಿಗೂ ಕೆಳಗಿನ ದರ. ಯಾವುದು ಯಾವುದೆಂದು ನಂಬಿಕೆ ಹೋದ ಮೇಲೆ ಅವರು ಎಲ್ಲವನ್ನೂ ಕೆಟ್ಟದ್ದೆಂದೇ ಹಿಡಿಯುತ್ತಾರೆ. ದೇವವ್ವ ಮಾರಲಿಲ್ಲ. ಸೆರಗು ಸಿಗಿಸಿಕೊಂಡು ನನ್ನೆದುರು ಬಂದು ನಿಂತಳು.

"ಯವ್ವಾ ತಂಗೀ, ನಿನ್ನ ದೀಪದಾಗ ನನ್ನ ಹರೇದ ಹುಡುಗಿ, ಆ ಹಲ್ಲ ಬಿದ್ದ ಮುದುಕಿ, ಇಬ್ಬರೂ ಅಕ್ಕತಂಗೇರಾದರಲ್ಲ! ನಾ ಒಂದೊಂದು ಗಿಡಾ ನೋಡಿ ಬೆಳಸಿದ್ದು ಇದಕ್ಕೇನು?"

ಅವಳ ಚೀಲಗಳನ್ನು ಹಮಾಲರ ಜೊತೆ ನಾನೂ ಹೊತ್ತು ಚಕ್ಕಡಿಗೆ ಹಾಕಿದೆ.

ಸಂಜೆ ವಿಜಯಮಹಾಂತೇಶ ಅವರು ಕರೆಸಿದರು. ಬೈಯಲಿಲ್ಲ, ಅದೇ ಕಷ್ಟವಾಯಿತು. "ಫೆಬ್ರುವರಿ ಹದಿನೇಳು, ಗುರುವಾರ, ಮಾಲು ತುಂಬಿ ಬರೂ ಹೊತ್ತು. ಅವತ್ತ ಇನ್ನೊಂದ ಸಲ ನೋಡೋಣ. ಅವತ್ತೂ ಕೆಮ್ಮಿದ್ರ, ಕಾವೇರವ್ವಾ, ನೀವೂ ಕೆಮ್ಮರಿ, ನಾವೂ ಕೆಮ್ಮತೇವಿ, ಆದ್ರ ಬ್ಯಾರೆ ಬ್ಯಾರೆ ಊರಾಗ" ಅಂದರು. ಹುಬ್ಬಳ್ಳಿಯವರು ಆಗಲೇ ಬಂದು ಮೇಲಂತಸ್ತು ಅಳೆದುಕೊಂಡು ಹೋಗಿದ್ದಾರೆ.

ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತೀ. ನೀನು ಪುಣೆ ಬಿಟ್ಟದ್ದು ಯಾರದೋ ಒಂದು ಮಾತಿಗೆ, ಮುಂಬೈ ಬಿಟ್ಟದ್ದು ಅರ್ಧ ಮಾತಿಗೆ. ಸೋತೆವೆಂದು ಕೇಳಿದರೆ ವಿಮಾನ ಹತ್ತುತ್ತೀ ಎಂದು ಹೆದರಿದ್ದೆ. ನೀನು ಗೆದ್ದೆವೆಂದು ಹತ್ತಲು ಹೊರಟೆ! ಫೋನ್ ಮಾಡಿದ್ದರೆ ನನ್ನ ದನಿಯಲ್ಲೇ ಹಿಡಿದುಬಿಡುತ್ತಿದ್ದಿ, ಅದಕ್ಕೇ ಮಾಡಲಿಲ್ಲ.

ನನಗೆ ಕಾಯಿಯನ್ನು ಕೆಂಪು ಮಾಡುವ ದೀಪ ಬೇಡ. ಬಾಗಿಲಾಚೆಯ ಬಿಸಿಲು ಒಳಗೆ ಬೇಕು. ಅಂಥ ದೀಪ ಇದ್ದರೆ ಹುಡುಕು. ಬರಬೇಡ, ಅಲ್ಲೇ ಕೂತು ಹುಡುಕು.

ಕಾವೇರಿ


ಮಸ್ಕತ್
20 ಜನವರಿ 2005 (ಕ್ಯಾಸೆಟ್)

ಅಕ್ಕಾ.

ಎರಡು ಸಲ ಟೇಪು ತುಂಬಿ ಅಳಸಿದೆ. ಈಗ ಮಾತಾಡ್ತೇನಿ.

ಸಿಟ್ಟು ಬಂದಿತ್ತು. ಮೊದಲ ನಿನ್ನ ಮ್ಯಾಲೆ. ತಿಂಗಳತನಕ ನನ್ನ ಹುಚ್ಚನಂಗ ಕುಣಿಸಿದ್ಯಲ್ಲ ಅಂತ. ಆಮ್ಯಾಲೆ ನಿನ್ನ ಪತ್ರ ಮತ್ತ ಓದಿದೆ, ದೇವವ್ವನ ಮಾತಿಗೆ ಬಂದು ನಿಂತೆ. ಆಕಿ ಬೈದದ್ದು ನಿನಗಲ್ಲ. ನನಗ. ಮೂರು ದಿನದ ಕುರಿ ಈಗಷ್ಟ ಕೊಯ್ದಂಗ ಕಾಣೂ ದೀಪ ಹುಡುಕಿ ಕೊಟ್ಟವ ನಾನ. ಕಾಯಿ ಮಾರೂದು ಹೆಂಗ ಅಂತ ವಿಚಾರ ಮಾಡಿದೆ, ಕೊಳ್ಳಾವ ಹೆಂಗ ನೋಡ್ತಾನ ಅಂತ ಮಾಡಲಿಲ್ಲ. ನಮ್ಮೂರಾಗ ಹುಟ್ಟಿ ಧೂಳು ಮರತೆ!

ರಾಜೀನಾಮಿ ಕೊಟ್ಟಿಲ್ಲ. ಬಿರಿಯಾನಿ ತಿಂದವ್ರಿಗೂ ಇನ್ನೂ ಹೇಳಿಲ್ಲ. ಹೇಳಿದ್ರ ನಗೂದ್ರಾಗ ರಾತ್ರಿ ಕಳೀತಾರ.

ಈಗ ಕೆಲಸದ ಮಾತು. ನೀ ಕೇಳಿದ ಬಟ್ಟಿ ಅಂಗಡಿಗೆ ಹೋದೆ. ಅವರೂ ಬಣ್ಣ ಹೊಂದಸಾಕ ಬಾಗಲಕ ಒಯ್ತಾರಂತ. ಆದ್ರ ಅಂಗಡಿಯವ ಒಂದು ಮಾತು ಹೇಳಿದ, ಬಣ್ಣದ ಚಿತ್ರ ಅಚ್ಚು ಹಾಕೂ ಪ್ರೆಸ್ಸಿನವ್ರನ್ನ ಕೇಳು ಅಂತ. ಹೋದೆ. ಅಲ್ಲಿ ಒಂದು ಮೇಜು, ಅದರ ಮ್ಯಾಲೆ ಒಂದು ಟ್ಯೂಬು. ಆ ಟ್ಯೂಬಿನ ಕೆಳಗ ಹಾಳಿ ಬಣ್ಣ ಹೆಂಗೈತೋ ಹೊರಗ ಬಿಸಿಲಾಗೂ ಹಂಗ. ನನ್ನ ಟ್ರಂಕಿನ್ಯಾಗ ಅವ್ವ ಕೊಟ್ಟ ಒಣಕಾಯಿ ನಾಕು ಇದ್ದೂ. ಒಯ್ದು ಇಟ್ಟೆ. ಹೊರಗ ತಂದೆ, ಒಳಗ ಇಟ್ಟೆ, ಹೊರಗ ತಂದೆ. ಪ್ರೆಸ್ಸಿನವ, "ಏನಪಾ, ಮಂತ್ರಾ ಹಾಕಾಕತ್ತೀಯೇನು?" ಅಂದ. ಒಂದ ಬಣ್ಣ ಅಕ್ಕಾ! ಒಂದ!

ಬರಕೋ. ಟ್ಯೂಬಿನ ಮ್ಯಾಲೆ 965 ಅಂತ ಇರಬೇಕು. ಮೊದಲ ಇರೂ ಒಂಬತ್ತು ಅಂದ್ರ ಬಣ್ಣದ ಖರೇತನ. ಸಾದಾ ಟ್ಯೂಬಿಗೆ ಅದು ಏಳೋ ಎಂಟೋ ಇರತೈತಿ. ಹಿಂದಿನ ಅರವತ್ತೈದು ಅಂದ್ರ ಹಗಲಿನಂಥ ಬಿಳಿ ಬೆಳಕ. ಒಂಬತ್ತು ಬಿಟ್ಟು ಬ್ಯಾರೆ ಕೊಟ್ರ ತಗೋಬ್ಯಾಡ. ತುಟ್ಟಿ ಅಂತಾರ, ಅನ್ಲಿ.

ಕೆಮ್ಮಿನ ಕತಿ ನಮ್ಮ ಸಾಹೇಬಗ ಹೇಳಿದೆ. ನಕ್ಕೂ ನಕ್ಕೂ ಕುರ್ಚಿ ಹಿಡಕೊಂಡ. ಆಮ್ಯಾಲೆ ಕೆಂಪು ಪೆನ್ನು ತಗದು ನನ್ನ ನಕ್ಷಾದ ಮ್ಯಾಲೆ ಬಗ್ಗಿದ. ನಾನೂ ಬಗ್ಗಿದೆ. ಈ ಸಲ ಕಲ್ತೆ. ಟ್ಯೂಬಿಗೆ ಪೂರಾ ಮುಚ್ಚಿದ ಪೆಟ್ಟಿಗಿ, ಅಂಚಿಗೆ ರಬ್ಬರ್, ಒಳಗ ಧೂಳು ಹೋಗಬಾರದು. ಕಾಯೂದಿಲ್ಲ ಅದು, ಕೈ ಇಟ್ರೂ ಸುಡೂದಿಲ್ಲ. ಆಳೆತ್ತರಕ್ಕಿಂತ ಮ್ಯಾಲೆ ಹಾಕು. ಸ್ವಿಚ್ಚು, ಬೋರ್ಡು ಎಲ್ಲಾ ಪಡಸಾಲಿ ಹೊರಗ, ಬ್ಯಾರೆ ಕೋಣ್ಯಾಗ. ಮೂರು ಸಾಲು ದೀಪ, ಸಾಲಿಗೊಂದು ಫೇಸ್. ನಕ್ಷಾ ಕೊರಿಯರ್‌ದಾಗ ಬರತೈತಿ.

ಈ ಸಲ ತಿದ್ದಬ್ಯಾಡ ಅನ್ನೂದಿಲ್ಲ. ನಿಂಗ ಎಲ್ಲಿ ಸಂಶಯ ಬರತೈತಿ, ಅಲ್ಲೆ ತಿದ್ದು.


ರಾಣೆಬೆನ್ನೂರು
18 ಫೆಬ್ರುವರಿ 2005

ಪ್ರೀತಿಯ ಚನ್ನೇಶ,

ಗೆದ್ದೆವು. ಈ ಸಲ ಕೊನೆಯವರೆಗೂ ಬರೆಯುತ್ತೇನೆ.

ಟ್ಯೂಬು ಹುಬ್ಬಳ್ಳಿಯಲ್ಲಿ ಸಿಗಲಿಲ್ಲ, ಬೆಂಗಳೂರಿನಿಂದ ತರಿಸಿದೆ. ಪೆಟ್ಟಿಗೆಗಳಿಗೆ ರಬ್ಬರ್ ಕೂರಿಸುವಾಗ ಗೂಡುಸಾಬಣ್ಣ, "ಇದೇನವಾ, ದೀಪಕ್ಕ ಬುರ್ಖಾ ಹಾಕಾಕತ್ತೇವಲ್ಲ" ಎಂದು ನಗುತ್ತಿದ್ದ. ಒಂದು ಜಾಗದಲ್ಲಿ ಮಾತ್ರ ನಿನ್ನದನ್ನು ತಿದ್ದಿದೆ. ಸಾಲಿಗೊಂದು ಫೇಸ್ ಎಂದು ಬರೆದಿದ್ದಿ. ಮಸ್ಕತ್ತಿಗೆ ಅದು ಸರಿ. ಇಲ್ಲಿ ಕಂಬದಿಂದ ಬರುವ ಮೂರು ಫೇಸಿನ ತಂತಿಗಳಲ್ಲಿ ಒಂದು ಯಾವ ಗಳಿಗೆಯಲ್ಲಾದರೂ ಹೋಗುತ್ತದೆ. ಹೋದರೆ ಒಂದು ಇಡೀ ಸಾಲಿನ ರಾಶಿಗಳು ಕತ್ತಲಲ್ಲಿ. ಅದಕ್ಕೆ ಪ್ರತಿ ಸಾಲಿನಲ್ಲೂ ಮೂರು ಫೇಸನ್ನೂ ಒಂದರ ಪಕ್ಕ ಒಂದು ತಂದೆ, ಜಡೆ ಹೆಣೆದಂತೆ. ಯಾವುದು ಹೋದರೂ ಆಚೆ ಈಚೆಯ ಎರಡು ದೀಪ ಉಳಿಯಬೇಕು.

ನಿನ್ನೆ ಮಾಲು ಬಂದದ್ದು ನೋಡಬೇಕಿತ್ತು. ಕರ್ಜಗಿ, ಐರಣಿ, ಎಲ್ಲೆಲ್ಲಿಂದಲೋ. ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ದೀಪ ಹಚ್ಚಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ದಲಾಲ, "ಇಷ್ಟ ಏನು? ಹೊರಗಿದ್ದಂಗ ಐತಲ್ಲ" ಅಂದ. ನನಗೆ ಅಷ್ಟೇ ಸಾಕಾಗಿತ್ತು.

ಹಮಾಲರು ಸುರುವಿದರು. ಧೂಳು ಎದ್ದಿತು. ಅಲ್ಲೊಂದು ಇಲ್ಲೊಂದು ಸೀನು, ಯಾವ ಮಾರುಕಟ್ಟೆಯಲ್ಲೂ ಇರುವಂಥದು. ಘಾಟು ಇಲ್ಲ.

ರುದ್ರಮುನಿಯವರು ಮೊದಲ ರಾಶಿಯಿಂದ ಒಂದು ಹಿಡಿ ಎತ್ತಿಕೊಂಡು ನೇರ ಬಾಗಿಲಿಗೆ ನಡೆದರು. ಬಿಸಿಲಿಗೆ ಹಿಡಿದು ನೋಡಿದರು. ಒಳಗೆ ಬಂದು ಟ್ಯೂಬಿನಡಿ ನೋಡಿದರು. ಎರಡನೇ ರಾಶಿ, ಮತ್ತೆ ಬಾಗಿಲು. ಮೂರನೇ ರಾಶಿಯ ಕಾಯಿ ಎತ್ತಿ ಎರಡು ಹೆಜ್ಜೆ ಇಟ್ಟವರು ನಿಂತರು, ಅಲ್ಲೇ ಮುರಿದು ಬೀಜ ನೋಡಿದರು, ಚೀಟಿ ತೆಗೆದು ಬರೆದರು. ಅವರನ್ನು ನೋಡಿ ಉಳಿದವರೂ ಬಾಗಿಲಿಗೆ ಹೋಗುವುದು ಬಿಟ್ಟರು.

ದೇವವ್ವನೂ ಬಂದಿದ್ದಳು. ಅವಳ ರಾಶಿಯ ಪಕ್ಕದಲ್ಲೇ ಯಾರದೋ ಕೋಲ್ಡ್ ಸ್ಟೋರೇಜ್ ಮಾಲು. ಕುರುಡನಿಗೂ ಬೇರೆ ಕಾಣುವಂತಿತ್ತು. "ಇವತ್ತ ಹೆಂಗ ಕಾಣತಾಳವಾ ನಿನ್ನ ಹುಡುಗಿ?" ಎಂದು ಕೇಳಿದೆ. "ಇದ್ದಂಗ ಕಾಣತಾಳ ತಂಗಿ. ಆಕಿಗೆ ಅಷ್ಟ ಬೇಕಿತ್ತು" ಅಂದಳು.

ರಾಶಿಗಳು ಎಷ್ಟು ಬಂದಿದ್ದವೆಂದರೆ ಹೊತ್ತು ಮುಳುಗಿದರೂ ನೋಡುವುದು ಮುಗಿಯಲಿಲ್ಲ. ಬಾಗಿಲಾಚೆ ಕತ್ತಲಾಯಿತು. ಈಗ ನಮ್ಮ ದೀಪವೇ ಎಲ್ಲ. ಆಗಲೇ ಫೇಸ್ ಹೋಯಿತು. ಪಕ್ಕದ ಅಂಗಡಿ ಸಾಲು ಪೂರ್ತಿ ಆರಿತು. ನಮ್ಮಲ್ಲಿ ಮೂರರಲ್ಲೊಂದು ದೀಪ ಕಣ್ಣು ಮುಚ್ಚಿತು. "ಹೋತೋ ಕರೆಂಟು!" ಎಂದು ಯಾರೋ ಕೂಗಿದರು. "ಚೀಟಿ ನಿಲ್ಲಸರಿ, ನಾಳೆ ನೋಡೋಣ" ಎಂದು ಇನ್ನೊಬ್ಬರು. ಬಾಗಿಲ ಬಳಿ ನಿಂತಿದ್ದ ವಿಜಯಮಹಾಂತೇಶ ಅವರು ನನ್ನತ್ತ ತಿರುಗಿದರು.

ರುದ್ರಮುನಿಯವರು ದೇವವ್ವನ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ತಲೆ ಎತ್ತಿ ಆರಿದ ದೀಪ ನೋಡಿದರು, ಉರಿಯುವ ಎರಡನ್ನು ನೋಡಿದರು, ಅಂಗೈ ನೋಡಿಕೊಂಡರು.

"ಎಲ್ಲಿ ಹೋತಲೇ? ನನಗ ಬೀಜ ಸೈತ ಕಾಣಾಕತ್ತಾವ. ಕುಂದರ್ರಿ ಸುಮ್ಮನ, ಬರೀರಿ!"

ಬರೆದರು, ಚನ್ನೇಶ. ಎಲ್ಲರೂ ಕೂತು ಬರೆದರು. ಆರಿದ ಅಂಗಡಿಗಳವರು ನಮ್ಮ ಬಾಗಿಲಲ್ಲಿ ಗುಂಪಾಗಿ ನಿಂತು ನೋಡಿದರು. ಚೀಟಿ ಬಿಚ್ಚಿದಾಗ ದಿನದ ಮೇಲಿನ ದರ ದೇವವ್ವನ ರಾಶಿಗೆ. ಅವಳು ಎರಡೂ ಕೈಯಲ್ಲಿ ಕಾಯಿ ತುಂಬಿ ನನ್ನ ಉಡಿಗೆ ಸುರುವಿದಳು. "ಇದು ನಿಂಗ. ಕಳದ ಸಲ ಬೈದಿದ್ದಕ್ಕಲ್ಲ ಮತ್ತ, ಅದು ಬೈಯೂ ಮಾತ ಆಗಿತ್ತು" ಅಂದಳು.

ವಿಜಯಮಹಾಂತೇಶ ಅವರು ನಿನ್ನೆ ಮೊದಲ ಸಲ ನಕ್ಕರು. "ಸುತ್ತಿನ ಅಂಗಡಿ, ಮ್ಯಾಲಿನ ಕಚೇರಿ, ನೀರಿನ ಮೋಟಾರು, ಎಲ್ಲಾ ನಿಮ್ಮದು ಕಾವೇರವ್ವಾ. ಸೋಮವಾರದಿಂದ ಹಚ್ಚರಿ." ರುದ್ರಮುನಿಯವರು ಹಿಂದಿನಿಂದ ಬಂದು, "ಹಾವೇರ್ಯಾಗ ನಮ್ಮ ಗೋದಾಮ ಐತಿ, ಯಾವಾಗ ಬರ್ತೀರಿ?" ಅಂದರು.

"ಸರದಿ ಐತ್ರಿ. ನಿಮಗಿಂತ ಮೊದಲ ಇಬ್ಬರು ಕೇಳ್ಯಾರ."

"ಸರದಿ! ನನಗ ಸರದಿ?" ಎಂದು ಸುತ್ತಲಿನವರ ಮುಖ ನೋಡಿದರು. ಆಮೇಲೆ, "ನಿಲ್ತೇನಿ ಬಿಡವಾ, ನಿಲ್ತೇನಿ" ಅಂದರು.

ಅಪ್ಪನೂ ಬಂದಿದ್ದ, ಹೇಳದೆ. ಕೋಣೆಯಲ್ಲಿ ಸಡಿಲ ತಂತಿಯ ಸದ್ದು ಹುಡುಕುತ್ತ ಬೋರ್ಡಿಗೆ ಕಿವಿ ಹಚ್ಚಿ ನಿಂತಿದ್ದ. "ಏನಪಾ?" ಎಂದೆ. "ಗುಂಯ್ ಅನ್ನವಲ್ದು" ಅಂದ. ಅವನ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾವಿಬ್ಬರೂ ಕೇಳಿಲ್ಲ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಜಡೆಯಂತೆ ಫೇಸ್ ಹೆಣೆಯುವುದು ಹೇಗೆಂದು ಹೇಳುತ್ತ ಬಂದ, ತಾನೇ ಹೆಣೆದವನ ಹಾಗೆ.

ಈಗ ಬರಬೇಕೆನಿಸಿದರೆ ಬಾ. ನಾನು ತಡೆಯುವುದಿಲ್ಲ.

ಕಾವೇರಿ


ಮಸ್ಕತ್
2 ಮಾರ್ಚ್ 2005 (ಕ್ಯಾಸೆಟ್)

ಅಕ್ಕಾ, ನಿನ್ನ ಪತ್ರ ಕೋಣ್ಯಾಗ ಎಲ್ಲಾರಿಗೂ ಓದಿ ಹೇಳಿದೆ, ಹಿಂದ್ಯಾಗ, ಮಲಯಾಳದಾಗ, ಬಂದಷ್ಟು. "ಎಲ್ಲಿ ಹೋತಲೇ?" ಅಂದಾಗ ಕೇರಳದವ ಎದ್ದು ನಿಂತ. ಮೊದಲಿನ ಬಿರಿಯಾನಿ ಸುಳ್ಳಿಂದಾಗಿತ್ತು ಅಂತ ಅವರಿಗೆ ಆಗ ಹೇಳಿದೆ. ಈ ಸಲ ಅವರ ನನಗ ತಿನ್ನಿಸಿದ್ರು.

ಫೇಸ್ ಹೆಣದದ್ದು ಓದಿ ನನ್ನ ನಕ್ಷಾ ಮತ್ತ ತಗದು ನೋಡಿದೆ. ನನ್ನ ನಕ್ಷಾ ಹಂಗ ಹಾಕಿದ್ರ ಒಂದು ಸಾಲು ಕತ್ತಲ, ಎಲ್ಲಾರೂ ಎದ್ದು ಹೋಗ್ತಿದ್ರು, ಕಟ್ಟಡ ಹುಬ್ಬಳ್ಳಿಗೆ. ನೀ ತಿದ್ದಿದ್ದಿ, ನಾವು ಗೆದ್ವಿ. ನಿನ್ನ ತಿದ್ದುಪಡಿ ನನ್ನ ನಕ್ಷಾದ ಮ್ಯಾಲೆ ಹಾಕಿ ಸಾಹೇಬಗ ತೋರಿಸಿದೆ. ಭಾಳ ಹೊತ್ತು ನೋಡಿದ. ಕೆಂಪು ಪೆನ್ನಿನ ಟೊಪ್ಪಿಗಿ ತಗೀಲೇ ಇಲ್ಲ. "ಇದನ್ನ ಮಾಡಿದವ್ರು ಯಾರು?" ಅಂದ. "ನಮ್ಮಕ್ಕ" ಅಂದೆ. "ಆಕಿ ಇಲ್ಲಿಗೆ ಬರತಾಳೇನು?" ಅಂದ. "ಸರದಿ ಐತ್ರಿ" ಅಂದೆ!

ನಾ ಈಗ ಬರೂದಿಲ್ಲಕ್ಕಾ. ಸಿಟ್ಟಿಗಲ್ಲ, ಕೇಳು. ಊರ ಹೊರಗ ಹೊಸಾ ಮೀನಿನ ಮಾರ್ಕೆಟ್ ಕಟ್ಟಾಕತ್ತಾರ. ದೀಪ, ಕರೆಂಟು, ಎಲ್ಲಾದರ ನಕ್ಷಾ ನನಗ ಕೊಟ್ಟಾನ ಸಾಹೇಬ. ತಿದ್ದಾಕಲ್ಲ. ಬರೀಲಾಕ. ಮೊದಲ ಸಲ ಖಾಲಿ ಹಾಳಿ ನನ್ನ ಮುಂದ ಐತಿ. ಪುಣೆ, ಮುಂಬೈ, ಇಲ್ಲಿ, ಮೂರೂ ಊರಾಗ ನನಗ ಓಡಿ ಹೋಗೂ ಮನಸ್ಸು ಯಾಕ ಬರತಿತ್ತು ಅಂತ ಆ ಹಾಳಿ ನೋಡಿದಾಗ ತಿಳೀತು.

ಹಾಳಿ ಮ್ಯಾಲೆ ಇನ್ನೂ ಒಂದು ಗೆರೀನೂ ಹಾಕಿಲ್ಲ. ನಾಕು ದಿನದಿಂದ ಹಳೇ ಮೀನಿನ ಮಾರ್ಕೆಟಿಗೆ ಹೋಗಿ ನಿಲ್ಲಾಕತ್ತೇನಿ. ಅಂಗಿ ವಾಸನಿಗೆ ಕೋಣ್ಯಾಗಿನವ್ರು ನನ್ನ ಹಾಸಿಗಿ ಬಾಗಲ ಹೊರಗ ಒಗದಾರ, ಈಗ ಅಲ್ಲಿಂದ ಮಾತಾಡಾಕತ್ತೇನಿ. ಮಾರವ್ರನ್ನ ಕೇಳಲಿಲ್ಲ, ಕೊಳ್ಳವ್ರನ್ನ ಕೇಳಿದೆ. ಒಬ್ಬಾಕಿ ಮುದುಕಿ, ಈ ಊರಿನಾಕಿ, ಮೀನಿನ ಬಾಲ ಹಿಡದು ಎತ್ತಿ ನನ್ನ ಮುಖದ ಮುಂದ ತಂದ್ಲು. ಮೈ ಹೊಳಪು ನೋಡಬಾರದಂತ, ಅದಕ್ಕ ನೀರು ಹೊಡೀತಾರಂತ. ಕಣ್ಣು ನೋಡಬೇಕಂತ. ಕಣ್ಣು ತಿಳಿ ಇದ್ರ ಇವತ್ತಿನದು, ಮಬ್ಬಾದ್ರ ನಿನ್ನೀದು.

ನಾಳೆ ಕಟ್ಟಡದ ಮಾಲಕರು ಬರ್ತಾರ, ನಾನ ಮುಂದ ನಿಂತು ಹೇಳಬೇಕು. ಅವರಿಗೆ ಗ್ವಾಡಿ ಮ್ಯಾಲೆ ನೀಲಿ ದೀಪ ಬೇಕಂತ, ಸಮುದ್ರ ಕಂಡಂಗ. ಆ ನೀಲ್ಯಾಗ ತಿಳಿ ಕಣ್ಣು ಯಾವುದು, ಮಬ್ಬು ಕಣ್ಣು ಯಾವುದು ಗೊತ್ತಾಗೂದಿಲ್ಲ. ನಾ ಹೇಳೂದು ತಯಾರ ಐತಿ: ಮೊದಲ ಮೀನಿನ ಕಣ್ಣು ಕಾಣಲ್ರಿ, ಆಮ್ಯಾಲೆ ನಿಮ್ಮ ಕಟ್ಟಡ ಬೇಕಾದಂಗ ಕಾಣಲಿ.